ಹಾಳೂರಿಗೆ ಉಳಿದವನೇ ಗೌಡ, ಸರಿ. ಆದರೆ ಅವನು ನಿಜವಾದ ಗೌಡನಾಗಿದ್ದರೆ?



ಈ ಸಂಚಿಕೆಗೆ ಏನಾದರೂ ಹಗುರವಾದದ್ದು ಬರೆದುಕೊಡಿ ಎಂದು ಕೇಳಿದ್ದರು. ಕ್ರಿಕೆಟ್ ಬಗ್ಗೆ ಬರೆದರೆ ಹಗುರವಾಗಿರುತ್ತದೆ ಅಂದುಕೊಂಡು ಕೂತೆ. ಬರೆಯುತ್ತಾ ಹೋದ ಹಾಗೆ ವಿಷಯ ನಮ್ಮ ಮನೆ ಮಕ್ಕಳ ಹತ್ತಿರಕ್ಕೇ ಬಂದು ನಿಂತಿತು. ಪೂರ್ತಿ ಓದಿ, ಆಮೇಲೆ ಬೈಯುವುದಿದ್ದರೆ ಬೈಯಿರಿ.

ನಮ್ಮ ವೆಂಬ್ಲಿ ಸ್ಟೇಡಿಯಂನಲ್ಲಿ 2007ರ ಅಕ್ಟೋಬರ್ 28ರಂದು ನ್ಯೂಯಾರ್ಕ್ ಜೈಂಟ್ಸ್ ಮತ್ತು ಮಯಾಮಿ ಡಾಲ್ಫಿನ್ಸ್ ತಂಡಗಳು ಆಡಿದವು. ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಪಂದ್ಯವೊಂದು ಉತ್ತರ ಅಮೆರಿಕದ ಹೊರಗೆ ನಡೆದದ್ದು ಅದೇ ಮೊದಲು. ಆಮೇಲೆ ಹಲವು ವರ್ಷ ಅಕ್ಟೋಬರ್ ಬಂತೆಂದರೆ ವೆಂಬ್ಲಿ ಪಾರ್ಕ್ ಸ್ಟೇಷನ್ನಿನಲ್ಲಿ ಹೆಲ್ಮೆಟ್ ಚಿತ್ರದ ಜರ್ಸಿಗಳದ್ದೇ ಜಾತ್ರೆ. ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬುವನೇ ಸೂತ್ರಧಾರ. ಚೆಂಡು ಯಾರಿಗೆ, ಯಾವಾಗ, ಎಷ್ಟು ದೂರ ಎಸೆಯಬೇಕೆಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವವನು. ಈ ಹುಡುಗರನ್ನು ವೃತ್ತಿಪರ ತಂಡಗಳು ಆರಿಸುವುದು ಕಾಲೇಜು ಆಟ ನೋಡಿ. ಕಾಲೇಜುಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಹಂಚಿಹೋಗಿವೆ. ಕೆಲವು ಗುಂಪು ಬಲು ಗಟ್ಟಿ, ಕೆಲವು ಸಪ್ಪೆ. ಹಾಗಾಗಿ ಅಮೆರಿಕದವರ ಹಳೇ ಜಗಳ ಒಂದಿದೆ: ಸಪ್ಪೆ ಗುಂಪಿನಲ್ಲಿ ಮಿಂಚಿದ ಹುಡುಗನನ್ನು ನಂಬುವುದೋ, ಗಟ್ಟಿ ಗುಂಪಿನಲ್ಲಿ ಸಾಧಾರಣವಾಗಿ ಆಡಿದವನನ್ನು ನಂಬುವುದೋ?

ಈ ಜಗಳ ನಮಗೇನೂ ಹೊಸದಲ್ಲ. ನಮ್ಮಲ್ಲಿ ಇದರ ಹೆಸರು ರಣಜಿ ಟ್ರೋಫಿ.

2018-19ರ ಸಾಲಿನಲ್ಲಿ ರಣಜಿಗೆ ಒಂದೇ ಏಟಿಗೆ ಒಂಬತ್ತು ತಂಡಗಳು ಸೇರಿದವು. ಬಿಹಾರ, ಉತ್ತರಾಖಂಡ, ಪುದುಚೇರಿ, ಸಿಕ್ಕಿಂ, ಮೇಘಾಲಯ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ಮತ್ತು ಅರುಣಾಚಲ. ಇವನ್ನೆಲ್ಲ ಪ್ಲೇಟ್ ಎಂಬ ಒಂದೇ ಗುಂಪಿಗೆ ಹಾಕಿದರು. ಆ ವರ್ಷದ ಅಂಕಿ ಅಂಶ ನೋಡಿ. ದೆಹಲಿಯಿಂದ ಸಿಕ್ಕಿಂಗೆ ಹೋಗಿ ಆಡಿದ ಮಿಲಿಂದ್ ಕುಮಾರ್ 121ರ ಸರಾಸರಿಯಲ್ಲಿ 1,331 ರನ್ ಹೊಡೆದರು. ಲಕ್ಷ್ಮಣ್ 1999-2000ದಲ್ಲಿ ಮಾಡಿದ 1,415 ರನ್ನಿನ ದಾಖಲೆಗೆ ನೂರು ರನ್ನೂ ಬಾಕಿ ಇರಲಿಲ್ಲ. ಬಿಹಾರದ ಅಶುತೋಷ್ ಅಮನ್ 68 ವಿಕೆಟ್ ಕಿತ್ತು, ಬಿಷನ್ ಸಿಂಗ್ ಬೇಡಿ 1974-75ರಲ್ಲಿ ಮಾಡಿದ್ದ 64ರ ದಾಖಲೆ ಮುರಿದರು. ಹಾಗಂತ ಆ ವರ್ಷ ಭಾರತದಲ್ಲಿ ಬೇಡಿಗಿಂತ ದೊಡ್ಡ ಸ್ಪಿನ್ನರ್ ಹುಟ್ಟಿದ ಎಂದು ಯಾರೂ ಕುಣಿಯಲಿಲ್ಲ. "ಹಾಳೂರಿಗೆ ಉಳಿದವನೇ ಗೌಡ ಬಿಡ್ರೀ" ಎಂದು ಎಲ್ಲರೂ ಸುಮ್ಮನಾದರು.

ಸುಮ್ಮನಾದದ್ದಕ್ಕೆ ಕಾರಣ ಇತ್ತು. ಪ್ಲೇಟ್ ಗುಂಪಿನ ವಿಜೇತರು ಆಗ ಮೇಲಿನ ಗುಂಪಿನ ತಂಡದೊಡನೆ ಆಡುತ್ತಿದ್ದ ಪಂದ್ಯ ಒಂದು ಸೇತುವೆ ಇದ್ದ ಹಾಗೆ. ಎರಡು ದಡಗಳ ಎತ್ತರ ಎಷ್ಟು ಬೇರೆ ಎಂಬುದು ಅಲ್ಲಿ ಗೊತ್ತಾಗುತ್ತಿತ್ತು. ಅದೇ ವರ್ಷ ಕ್ವಾರ್ಟರ್ ಫೈನಲ್‌ನಲ್ಲಿ ಉತ್ತರಾಖಂಡ ವಿದರ್ಭದ ಕೈಯಲ್ಲಿ ಇನ್ನಿಂಗ್ಸ್ ಮತ್ತು 115 ರನ್‌ಗಳಿಂದ ಸೋತಿತು. ಮರುವರ್ಷ ಪ್ಲೇಟ್‌ನಿಂದ ಬಂದ ಗೋವಾ, ಗುಜರಾತ್ ಎದುರು 464 ರನ್‌ಗಳಿಂದ ಸೋತಿತು. 2022ರಲ್ಲಿ ನಾಗಾಲ್ಯಾಂಡ್ ಎದುರು ಝಾರ್ಖಂಡ್ 880 ರನ್ ಹೊಡೆದು, ಒಟ್ಟು ಮುನ್ನಡೆಯನ್ನು ಸಾವಿರದಾಚೆಗೆ ಒಯ್ದಿತು. ಅಂದರೆ ಕೆಳಗಿನ ಗುಂಪಿನ ನೂರು ರನ್ನಿಗೂ ಮೇಲಿನ ಗುಂಪಿನ ನೂರು ರನ್ನಿಗೂ ಒಂದೇ ಬೆಲೆಯಲ್ಲ. ರೂಪಾಯಿಗೂ ಪೌಂಡಿಗೂ ಇರುವ ಹಾಗೆ ಇಲ್ಲೂ ಒಂದು ವಿನಿಮಯ ದರ ಇದೆ. ಊರಿಗೆ ದುಡ್ಡು ಕಳಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತಾರೆ. ನನ್ನ ತಕರಾರು ಮುಂದಿನ ಹೆಜ್ಜೆಯ ಬಗ್ಗೆ. ರನ್ನಿನ ಬೆಲೆ ಕಡಿಮೆ ಎಂದ ಮಾತ್ರಕ್ಕೆ ಹೊಡೆದವನ ಬೆಲೆಯೂ ಕಡಿಮೆ ಎಂದು ತೀರ್ಪು ಕೊಡುತ್ತೇವಲ್ಲ, ಅದು ತಪ್ಪು. ಲೀಗ್ ದುರ್ಬಲ ಎಂಬುದು ಹುಡುಗನ ವಿರುದ್ಧದ ಸಾಕ್ಷಿಯಲ್ಲ. ಅವನ ಬಗ್ಗೆ ಇರುವ ಸಾಕ್ಷಿ ಸಾಲದು ಎಂದಷ್ಟೇ ಅದರ ಅರ್ಥ. ಇವೆರಡರ ನಡುವೆ ಬಹಳ ವ್ಯತ್ಯಾಸವಿದೆ.

ಅಮೆರಿಕದಿಂದಲೇ ಎರಡು ಉದಾಹರಣೆ. ಜಾಶ್ ಆಲನ್ ಆಡಿದ್ದು ವಯೋಮಿಂಗ್ ಎಂಬ ಕಾಲೇಜಿಗೆ, ದೊಡ್ಡ ಗುಂಪುಗಳ ಲೆಕ್ಕಕ್ಕೆ ಬಾರದ ಕಡೆ. 2018ರಲ್ಲಿ ಬಫಲೊ ತಂಡ ಅವನನ್ನು ಏಳನೆಯವನಾಗಿ ಆರಿಸಿದಾಗ ಮೂಗು ಮುರಿದವರು ಬಹಳ. ಅವನು 2024ರ ಸಾಲಿನ ಅತ್ಯುತ್ತಮ ಆಟಗಾರನಾದ. ಟ್ರೇ ಲ್ಯಾನ್ಸ್ ಬಂದದ್ದು ಅದಕ್ಕೂ ಕೆಳಗಿನ ಸ್ತರದ ನಾರ್ತ್ ಡಕೋಟ ಸ್ಟೇಟ್‌ನಿಂದ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಮೂರನೆಯವನಾಗಿ ಆರಿಸಿ, ಎರಡು ವರ್ಷಕ್ಕೆ ಬೇರೆ ತಂಡಕ್ಕೆ ಸಾಗಹಾಕಿತು. ಇಬ್ಬರೂ ಹಾಳೂರಿನ ಗೌಡರೇ. ಒಬ್ಬ ನಿಜವಾದ ಗೌಡನಾದ, ಇನ್ನೊಬ್ಬ ಆಗಲಿಲ್ಲ. ಊರಿನ ಹೆಸರಿನಿಂದ ಇದನ್ನು ಮುಂಚೆಯೇ ಹೇಳಲು ಆಗುತ್ತಿರಲಿಲ್ಲ.

ನಮ್ಮಲ್ಲೂ ಹಾಗೇ. ಚೇತೇಶ್ವರ ಪೂಜಾರ ರನ್ ರಾಶಿ ಹಾಕುತ್ತಿದ್ದಾಗ "ರಾಜಕೋಟೆಯ ಪಿಚ್ಚು, ಟಾರು ರಸ್ತೆ" ಎಂದು ನಕ್ಕವರಿದ್ದರು. 2010ರ ಅಕ್ಟೋಬರ್‌ನಲ್ಲಿ, ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಲ್ಲೇ, ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟಿನ ಎರಡನೇ ಇನ್ನಿಂಗ್ಸ್‌ನಲ್ಲಿ ಅವರು 72 ಹೊಡೆದರು. ಮುಂದಿನದು ನಿಮಗೇ ಗೊತ್ತು.

ಈಗ ನಮ್ಮ ಹುಡುಗ ಕರುಣ್ ನಾಯರ್ ವಿಷಯಕ್ಕೆ ಬರೋಣ. 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ 328. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಮೇಲೆ ಅಜೇಯ 303. ಭಾರತದ ಪರ ಸೆಹ್ವಾಗ್ ಬಿಟ್ಟರೆ ತ್ರಿಶತಕ ಹೊಡೆದವರು ಇವರೊಬ್ಬರೇ. 2017ರ ನಂತರ ಎಂಟು ವರ್ಷ ಟೆಸ್ಟ್ ಇಲ್ಲ. ಕರ್ನಾಟಕ ತಂಡದಲ್ಲೂ ಜಾಗ ಹೋಗಿ ವಿದರ್ಭಕ್ಕೆ ಹೋದರು. ನಮ್ಮೀ ದೇಶಕ್ಕೆ ಬಂದು ನಾರ್ಥಾಂಪ್ಟನ್‌ಶೈರ್‌ಗೆ ಆಡಿದರು. 2023ರಲ್ಲಿ ಆ ತಂಡ ಮೊದಲ ಡಿವಿಷನ್‌ನಲ್ಲಿತ್ತು. ಓವಲ್‌ನಲ್ಲಿ ಸರ್ರೆ ವಿರುದ್ಧ 150 ಹೊಡೆದರು. ಆ ವರ್ಷದ ಕೊನೆಗೆ ಅದೂ, ನಮ್ಮ ಮಿಡಲ್‌ಸೆಕ್ಸೂ ಜೊತೆಯಾಗಿ ಕೆಳಗಿಳಿದವು. 2024ರಲ್ಲಿ ಎರಡನೇ ಡಿವಿಷನ್‌ನಲ್ಲಿ ಗ್ಲಾಮೋರ್ಗನ್ ವಿರುದ್ಧ ಅಜೇಯ 202. ಅದಾದ ಮೇಲೆ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕಗಳೊಂದಿಗೆ 779 ರನ್, ಔಟಾದದ್ದು ಎರಡೇ ಸಲ. ಸರಾಸರಿ 389.50! ಅದೇ ಸಾಲಿನ ರಣಜಿಯಲ್ಲಿ 863 ರನ್, ಕೇರಳದ ವಿರುದ್ಧ ಫೈನಲ್‌ನಲ್ಲಿ 86 ಮತ್ತು 135.

ಕೊನೆಗೆ 2025ರ ಬೇಸಿಗೆಯಲ್ಲಿ ಟೆಸ್ಟಿಗೆ ಕರೆ ಬಂತು. ನಾಲ್ಕು ಟೆಸ್ಟ್, ಎಂಟು ಇನ್ನಿಂಗ್ಸ್, 205 ರನ್. ಅಷ್ಟಕ್ಕೆ ಮುಂದಿನ ಸರಣಿಗೆ ಹೆಸರಿಲ್ಲ. "ನೋಡಿದ್ರಾ, ದೇಸಿ ರನ್ನು, ಎರಡನೇ ಡಿವಿಷನ್ ರನ್ನು, ಎಲ್ಲ ಹುಸಿ" ಎಂಬ ಮಾತು ನಮ್ಮ ದೀಪಾವಳಿ ಊಟದ ಸಾಲಿನಲ್ಲೂ ಕೇಳಿಬಂತು.

ಸ್ವಾಮಿ, ಅದೇ ಸರಣಿಯಲ್ಲಿ ಕೆ.ಎಲ್. ರಾಹುಲ್ 532 ರನ್ ಹೊಡೆದರು. ಜುಬಿಲಿ ಲೈನ್‌ನಲ್ಲಿ ನಮಗೆ ಕೆಲವೇ ಸ್ಟೇಷನ್ ದೂರದ ಲಾರ್ಡ್ಸ್‌ನಲ್ಲಿ ಶತಕ ಕೂಡ. ರಾಹುಲ್ ಎಲ್ಲಿಂದ ಬಂದವರು? ಅದೇ ಕರ್ನಾಟಕ, ಅದೇ ರಣಜಿ. 2015ರ ಅದೇ ಫೈನಲ್‌ನಲ್ಲಿ 188 ಹೊಡೆದವರು. ಒಂದೇ ಲೀಗಿನಿಂದ ಬಂದ ಇಬ್ಬರಿಗೆ ಎರಡು ಫಲ. ಹಾಗಾದರೆ ದೋಷ ಲೀಗಿನದು ಹೇಗಾಗುತ್ತದೆ?

ಇನ್ನು ಆ 205 ರನ್ನನ್ನೂ ಬಿಡಿಸಿ ನೋಡಿ. ಓವಲ್‌ನಲ್ಲಿ, ಹಸಿರು ಪಿಚ್ಚಿನ ಮೇಲೆ, ಭಾರತ ಮೊದಲ ಇನ್ನಿಂಗ್ಸ್‌ನಲ್ಲಿ 224ಕ್ಕೆ ಆಲೌಟ್. ಅದರಲ್ಲಿ ಕರುಣ್ 57; ತಂಡದಲ್ಲಿ ಬೇರೆ ಯಾರೂ ಐವತ್ತು ಮುಟ್ಟಲಿಲ್ಲ. ಆ ಟೆಸ್ಟನ್ನು ಭಾರತ ಗೆದ್ದದ್ದು 6 ರನ್‌ಗಳಿಂದ. ಸರಾಸರಿಯ ಪಟ್ಟಿಯಲ್ಲಿ ಈ 57, ಚಪ್ಪಟೆ ಪಿಚ್ಚಿನ ಯಾವುದೋ 57ರ ಪಕ್ಕದಲ್ಲಿ ಒಂದೇ ತೂಕದ ಹಾಗೆ ಕೂತುಬಿಡುತ್ತದೆ. ಕರುಣ್‌ರನ್ನು ಕೈಬಿಟ್ಟದ್ದು ಅನ್ಯಾಯ ಎಂದು ನಾನು ವಾದಿಸುತ್ತಿಲ್ಲ. ನಾಲ್ಕು ಟೆಸ್ಟಿನಲ್ಲಿ ಒಂದೇ ಅರ್ಧಶತಕ ಎಂಬುದು ಆಯ್ಕೆಗಾರರಿಗೆ ಸಾಕಷ್ಟು ಕಾರಣವೇ. ಆದರೆ ಅದರಿಂದ ಹಿಂದಿನ ಸಾವಿರಾರು ರನ್ ಸುಳ್ಳು ಎಂದು ತೀರ್ಮಾನಿಸುವುದು ಲೆಕ್ಕ ಅಲ್ಲ, ಸಿಟ್ಟು.

ಹಾಗಾದರೆ ಅಳೆಯುವುದು ಹೇಗೆ? ದಿನಾ ಕೋಡ್ ಬರೆಯುವವನ ಬುದ್ಧಿಗೆ ತೋಚಿದ್ದು ಮೂರು ಪ್ರಶ್ನೆ.

ಒಂದು, ಅದೇ ಪಂದ್ಯದಲ್ಲಿ, ಅದೇ ಪಿಚ್ಚಿನಲ್ಲಿ, ಉಳಿದವರು ಎಷ್ಟು ಹೊಡೆದರು? ಎಲ್ಲರೂ ನೂರು ಹೊಡೆದ ಕಡೆ ಇವನ ನೂರು ಬರೀ ಹಾಜರಿ. ಎಲ್ಲರೂ ಇಪ್ಪತ್ತಕ್ಕೆ ಬಿದ್ದ ಕಡೆ ಇವನ ಅರವತ್ತು ದೊಡ್ಡದು. ಲೀಗ್ ಎಷ್ಟು ಗಟ್ಟಿ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಎರಡು, ಆ ಲೀಗಿನಲ್ಲಿ ಸಿಕ್ಕ ಅತ್ಯುತ್ತಮ ಎದುರಾಳಿಯ ಮುಂದೆ ಏನು ಮಾಡಿದ? ಇದರಲ್ಲೂ ಎಚ್ಚರ ಬೇಕು. ಹಜಾರೆ ಫೈನಲ್‌ನಲ್ಲಿ ನಮ್ಮ ಪ್ರಸಿದ್ಧ್ ಕೃಷ್ಣ ಕರುಣ್‌ರನ್ನು 27ಕ್ಕೆ ಬೌಲ್ಡ್ ಮಾಡಿದರು, ಕರ್ನಾಟಕ ಕಪ್ ಗೆದ್ದಿತು. ಅದೊಂದೇ ಚೆಂಡು ಹಿಡಿದು ತೀರ್ಪು ಬರೆಯುವುದು ಸುಲಭ. ಆದರೆ ಒಂದು ಚೆಂಡು ಒಂದು ಚೆಂಡೇ. ಇನ್ನೊಂದು ಮಾತು: ಗಟ್ಟಿ ತಂಡದಲ್ಲಿ ಇರುವುದೂ ಒಂದು ಸೌಕರ್ಯ. ವಿನಯ್ ಕುಮಾರ್, ಮಿಥುನ್, ಅರವಿಂದ್ ಮೂವರೂ ಬೌಲ್ ಮಾಡುತ್ತಿದ್ದ ಕಾಲದಲ್ಲಿ ಕರ್ನಾಟಕದ ಬ್ಯಾಟ್ಸ್‌ಮನ್‌ಗಳು ಪಂದ್ಯದಲ್ಲಿ ಆ ಮೂವರನ್ನು ಎದುರಿಸಬೇಕಾಗಿರಲಿಲ್ಲವಲ್ಲ!

ಮೂರು, ಎಷ್ಟು ಅವಕಾಶ ಸಿಕ್ಕಿತು? ದೊಡ್ಡ ಲೀಗಿನವನು ಎಡವಿದರೆ "ಫಾರ್ಮ್ ಇಲ್ಲ" ಎನ್ನುತ್ತೇವೆ. ಚಿಕ್ಕ ಲೀಗಿನವನು ಎಡವಿದರೆ "ಅವನ ಮಟ್ಟವೇ ಅಷ್ಟು" ಎನ್ನುತ್ತೇವೆ. ತಪ್ಪು ಒಂದೇ, ಶಿಕ್ಷೆ ಬೇರೆ ಬೇರೆ.

ಇದು ಕ್ರಿಕೆಟ್ಟಿಗೆ ಮುಗಿಯುವ ಮಾತಲ್ಲ. ನಾನು ಇಂಜಿನಿಯರಿಂಗ್ ಓದಿದ್ದು ಬೆಂಗಳೂರಿನಿಂದ ದೂರದ ಒಂದು ಊರಿನಲ್ಲಿ. ದೊಡ್ಡ ಕಂಪನಿಯೊಂದು ಕ್ಯಾಂಪಸ್ ಆಯ್ಕೆಗೆ ನಮ್ಮ ಕಾಲೇಜಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ; ಕಾಲೇಜಿನ ಹೆಸರು ಕೇಳಿಯೇ ಬೇಡ ಅಂದಿತು. ಆದರೂ ನಮಗೊಂದು ಆಸರೆ ಇತ್ತು. ಬೆಳಗಾವಿಯ ವಿಟಿಯು ಪ್ರಶ್ನೆಪತ್ರಿಕೆ ಬೆಂಗಳೂರಿಗೂ ಬೀದರಿಗೂ ಒಂದೇ. ರಾಯಚೂರಿನ ಹುಡುಗಿಯ 80, ಬೆಂಗಳೂರಿನ ಹುಡುಗನ 80ರ ಪಕ್ಕ ತಲೆ ಎತ್ತಿ ನಿಲ್ಲಬಹುದಿತ್ತು. ದೊಡ್ಡ ಕಾಲೇಜುಗಳು ಸ್ವಾಯತ್ತವಾಗಿ ತಮ್ಮ ಪತ್ರಿಕೆ ತಾವೇ ಬರೆದುಕೊಳ್ಳತೊಡಗಿದ ಮೇಲೆ, ಡಿಗ್ರಿ ವಿಟಿಯುದೇ ಆದರೂ ಆ ಒಂದೇ ಅಳತೆಗೋಲು ಮುರಿಯಿತು. ಸ್ವಾಯತ್ತತೆಯಿಂದ ಪಾಠ ಸುಧಾರಿಸಿರಬಹುದು, ಅದು ಬೇರೆ ಮಾತು. ಆದರೆ ಸಾಮಾನ್ಯ ಪರೀಕ್ಷೆ ಇಲ್ಲದ ಕಡೆ ಸಂಸ್ಥೆಯ ಹೆಸರೇ ಪರೀಕ್ಷೆಯಾಗಿಬಿಡುತ್ತದೆ. ಸೇತುವೆ ಪಂದ್ಯವೇ ಇಲ್ಲದ ರಣಜಿಯ ಹಾಗೆ.

ಈ ದೇಶದಲ್ಲಿ ಬ್ರಿಸ್ಟಲ್‌ನಂಥ ಯೂನಿವರ್ಸಿಟಿಗಳು ಎ-ಲೆವೆಲ್ ಅಂಕ ನೋಡುವಾಗ ಹುಡುಗ ಯಾವ ಶಾಲೆಯಿಂದ, ಎಂಥ ಪರಿಸ್ಥಿತಿಯಿಂದ ಬಂದ ಎಂದೂ ನೋಡಿ, ಕೆಲವರಿಗೆ ಗ್ರೇಡ್ ಸ್ವಲ್ಪ ಇಳಿಸಿ ಸೀಟು ಕೊಡುತ್ತವೆ. ನಮ್ಮಲ್ಲಿ ಎಷ್ಟೋ ತಂದೆತಾಯಿಯರಿಗೆ ಇದು ಸರಿಬರುವುದಿಲ್ಲ. ಕಷ್ಟಪಟ್ಟು ಮಕ್ಕಳನ್ನು ಗ್ರಾಮರ್ ಸ್ಕೂಲಿಗೆ ಸೇರಿಸಿದ್ದು ಇದಕ್ಕಾ ಎಂದು ಕೇಳುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ನಮ್ಮಲ್ಲಿ ಅನೇಕರು ಒಂದಲ್ಲ ಒಂದು ಕಾಲಕ್ಕೆ ಪ್ಲೇಟ್ ಗುಂಪಿನವರೇ ಆಗಿದ್ದೆವು. ಹೀಥ್ರೂನಲ್ಲಿ ಇಳಿದ ದಿನ ನಮ್ಮ ಡಿಗ್ರಿಯ ವಿನಿಮಯ ದರ ಎಷ್ಟಿತ್ತು, ನೆನಪಿದೆಯಲ್ಲ? ಯಾರೋ ಒಬ್ಬರು ಕಾಲೇಜಿನ ಹೆಸರು ಬಿಟ್ಟು ಕೆಲಸ ನೋಡಿದ್ದಕ್ಕೆ ಇಲ್ಲಿದ್ದೇವೆ.

ಮಿಲಿಂದ್ ಕುಮಾರ್ ಮುಂದೆ ಅಮೆರಿಕಕ್ಕೆ ಹೋಗಿ, ಆ ದೇಶದ ಪರ 2024ರ ಟಿ20 ವಿಶ್ವಕಪ್ ಆಡಿದರು. ಅಶುತೋಷ್ ಅಮನ್‌ರ 68ರ ದಾಖಲೆಯನ್ನು 2024-25ರಲ್ಲಿ ವಿದರ್ಭದ ಹರ್ಷ್ ದುಬೆ 69 ವಿಕೆಟ್ ಪಡೆದು ಮುರಿದರು, ಅದೂ ಮೇಲಿನ ಗುಂಪಿನಲ್ಲಿ. ಕರುಣ್ ಕರ್ನಾಟಕಕ್ಕೆ ವಾಪಸಾಗಿ, 2025ರ ಅಕ್ಟೋಬರ್‌ನಲ್ಲಿ ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174 ಹೊಡೆದರು. "ಗೋವಾ ತಾನೇ" ಎನ್ನುವವರು ಎನ್ನಲಿ. ಆ ಇನ್ನಿಂಗ್ಸ್‌ನಲ್ಲಿ ಉಳಿದವರು ಎಷ್ಟು ಹೊಡೆದರು ಎಂದು ಸ್ಕೋರ್‌ಕಾರ್ಡ್ ತೆಗೆದು ನೋಡಿದ ಮೇಲೆ ಅನ್ನಲಿ, ನನ್ನ ಕೋರಿಕೆ ಅಷ್ಟೇ.

ಒಪ್ಪದವರು ಮುಂದಿನ ಸಂಚಿಕೆಗೆ ಖಂಡಿತ ಬರೆಯಿರಿ. ಜಗಳವಾಡಲು ಕನ್ನಡದಷ್ಟು ಒಳ್ಳೆಯ ಭಾಷೆ ಬೇರೆ ಎಲ್ಲಿದೆ?


ನಿಮ್ಮವನೇ ಒಬ್ಬ ಕನ್ನಡಿಗ, ವೆಂಬ್ಲಿ