ಮುಚ್ಚಳ ಎಲ್ಲಿದೆ ಅಂತ ಓನರ್‌ನ ಕೇಳಿ

ಪಿಜಿ ಹುಡುಕೋಕೆ ಹೊರಟಾಗ ನಾವೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ವೈಫೈ ಇದೆಯಾ? ಬಿಸಿನೀರು ಎಷ್ಟು ಹೊತ್ತು ಬರುತ್ತೆ? ಊಟ ನಾರ್ತಾ, ಸೌತಾ? ಅಡ್ವಾನ್ಸ್‌ನಲ್ಲಿ ವಾಪಸ್ ಎಷ್ಟು ಕೊಡ್ತೀರ? ಫ್ಲಶ್ ಮಾಡಿದ್ದು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಯಾರೂ ಕೇಳಲ್ಲ. ಆ ಪ್ರಶ್ನೆಯನ್ನೂ ಪಟ್ಟಿಗೆ ಸೇರಿಸಬೇಕು ಅನ್ನುವುದು ನಮ್ಮ ವಾದ. ಯಾಕೆಂದರೆ ಅದಕ್ಕೆ ಉತ್ತರ ಇಲ್ಲದ ಮನೆಯಲ್ಲೇ ಒಂದು ದಿನ ಒಬ್ಬ ಮನುಷ್ಯನನ್ನು ಗುಂಡಿಗೆ ಇಳಿಸುವ ಮಾತು ಬರುತ್ತೆ.

ನಮ್ಮ ಬಳಗದಲ್ಲಿ ಕೆಲವರು ಬಿನ್ನಿಪೇಟೆಯವರು. ಈ ವಿಷಯ ತೆಗೆದರೆ "ನಮ್ಮ ಏರಿಯಾದಲ್ಲಿ ಯುಜಿಡಿ ಇದೆಯಲ್ಲ, ನಮಗೇನು?" ಅಂತಾರೆ. ನಿಜ. 1884ರಲ್ಲಿ ಶುರುವಾದ ಮಿಲ್ಲಿನ ಸುತ್ತ ಬೆಳೆದ ಹಳೆಯ ಪೇಟೆ ಅದು. ರಸ್ತೆ ಕೆಳಗೆ ಒಳಚರಂಡಿ ಕೊಳವೆ ಇದೆ, ನೆಲ ವೃಷಭಾವತಿ ಕಣಿವೆಯ ಕಡೆಗೆ ಇಳಿಜಾರಾಗಿದೆ. ಆದರೆ ಅಲ್ಲಿಂದ ಮೈಸೂರು ರಸ್ತೆ ಹಿಡಿದು, ನಾಯಂಡಹಳ್ಳಿ ದಾಟಿ, ಕೆಂಗೇರಿಯ ಆಚೆ ಬನ್ನಿ. ಕೆಂಗೇರಿ 2007ರವರೆಗೆ ಬೇರೆಯೇ ಪುರಸಭೆ. ಆ ವರ್ಷ ಅದರ ಜೊತೆ ಏಳು ನಗರಸಭೆಗಳು, 110 ಹಳ್ಳಿಗಳು ಬಿಬಿಎಂಪಿಗೆ ಸೇರಿದವು. ಹೊರವಲಯದಲ್ಲಿ ಬಡಾವಣೆ ಮೊದಲು ಬಂತು, ಕೊಳವೆ ಹಿಂದಿನಿಂದ ನಿಧಾನಕ್ಕೆ ಬರ್ತಾ ಇದೆ. ಅದು ಇನ್ನೂ ಮುಟ್ಟದ ಬೀದಿಗಳಲ್ಲಿ ಗೇಟಿನ ಪಕ್ಕವೋ, ಕಾರ್ ನಿಲ್ಲಿಸುವ ಜಾಗದ ಕೆಳಗೋ ಒಂದು ಗುಂಡಿ ಇರುತ್ತೆ. ಪ್ಲಾನ್‌ನಲ್ಲಿ ಅದರ ಹೆಸರು ಸೆಪ್ಟಿಕ್ ಟ್ಯಾಂಕ್. ಎಷ್ಟೋ ಕಡೆ ತೋಡಿರುವುದು ಮಾತ್ರ ಕಾಂಕ್ರೀಟ್ ರಿಂಗ್ ಇಳಿಸಿ, ತಳ ಹಾಗೇ ಬಿಟ್ಟ ಗುಂಡಿ.

ಎರಡಕ್ಕೂ ವ್ಯತ್ಯಾಸ ಇದೆ. ಸರಿಯಾದ ಸೆಪ್ಟಿಕ್ ಟ್ಯಾಂಕ್‌ಗೆ ನೀರು ಸೋರದ ತಳ, ಗೋಡೆ ಇರುತ್ತೆ. ದೊಡ್ಡ ಟ್ಯಾಂಕಾದರೆ ಒಳಗೆ ಎರಡು ಕೋಣೆ, ಮೊದಲನೆಯದು ಒಟ್ಟು ಉದ್ದದ ಸುಮಾರು ಮೂರರಲ್ಲಿ ಎರಡು ಪಾಲು. ಬಂದ ನೀರು ಒಂದೆರಡು ದಿನ ಅಲ್ಲಿ ನಿಲ್ಲಬೇಕು. ಭಾರದ್ದು ತಳಕ್ಕೆ ಕೂತು ಹೂಳಾಗುತ್ತೆ, ಎಣ್ಣೆ ಜಿಡ್ಡು ಮೇಲೆ ಕೆನೆ ಕಟ್ಟುತ್ತೆ, ನಡುವಿನ ನೀರು ಮಾತ್ರ ಹೊರಗಿನ ಇಂಗುಗುಂಡಿಗೆ ಹೋಗುತ್ತೆ. ಹೂಳನ್ನು ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ ತಿಂದು ಕಡಿಮೆ ಮಾಡುತ್ತವೆ. ಆದರೆ ಪೂರ್ತಿ ಖಾಲಿ ಮಾಡಲ್ಲ. ಉಳಿದದ್ದನ್ನು ಯಾರಾದರೂ ತೆಗೆಯಲೇಬೇಕು. ಎರಡು ಮೂರು ವರ್ಷಕ್ಕೊಮ್ಮೆ ತೆಗೆಯಿರಿ ಅನ್ನುವುದು ಎಲ್ಲ ಕೈಪಿಡಿಗಳಲ್ಲೂ ಇರುವ ಮಾತು.

ಒಂದು ಲೆಕ್ಕ ಹಾಕೋಣ. ಐಎಸ್ 2470 ಸಂಹಿತೆಯ ಪ್ರಕಾರ ಐದು ಜನರ ಮನೆಗೆ ಟ್ಯಾಂಕ್ ಅಂದ್ರೆ ಸುಮಾರು ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ. ಅಂದರೆ 1,100 ಲೀಟರ್ ಚಿಲ್ಲರೆ. ಒಬ್ಬರಿಂದ ವರ್ಷಕ್ಕೆ 40ರಿಂದ 80 ಲೀಟರ್ ಹೂಳು ಅಂತ ಹಿಡಿಯುತ್ತಾರೆ. ನಡುವಿನ 60 ತೆಗೆದುಕೊಂಡರೆ ಐದು ಜನಕ್ಕೆ ವರ್ಷಕ್ಕೆ 300 ಲೀಟರ್. ಎರಡು ವರ್ಷಕ್ಕೆ ಅರ್ಧ ಟ್ಯಾಂಕ್ ಹೂಳು. ಈಗ ಅದೇ ಮನೆ ಮೇಲೆ ಎರಡು ಫ್ಲೋರ್ ಎತ್ತಿ, ರೂಮಿಗೆ ಮೂರು ಮಂಚ ಹಾಕಿ, ಪಿಜಿ ಬೋರ್ಡ್ ತೂಗುಹಾಕಿದರು ಅನ್ನಿ. ಒಳಗೆ 30 ಜನ. ವರ್ಷಕ್ಕೆ 1,800 ಲೀಟರ್. ಟ್ಯಾಂಕ್ ಏಳೆಂಟು ತಿಂಗಳಲ್ಲಿ ಹೂಳಿನಿಂದಲೇ ತುಂಬಿತು. ಗುಂಡಿ ಇನ್ನೂ ದೊಡ್ಡದಿದ್ದರೆ ಕಾಲ ಹೆಚ್ಚಬಹುದು, ಲೆಕ್ಕದ ದಾರಿ ಇದೇ. ಮನೆ ಎತ್ತರವಾದಾಗ ಸಂಪ್ ದೊಡ್ಡದು ಮಾಡಿಸುತ್ತಾರೆ, ಕರೆಂಟ್ ಲೋಡ್ ಹೆಚ್ಚಿಸಿಕೊಳ್ಳುತ್ತಾರೆ. ಗುಂಡಿ ನೆನಪಾಗುವುದು ಬಾತ್‌ರೂಮಲ್ಲಿ ನೀರು ಉಲ್ಟಾ ಬಂದಾಗ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ, ಹಾಗೆ.

ತಡ ಮಾಡಿದರೆ ಏನಾಗುತ್ತೆ ಅನ್ನುವುದೇ ಇಲ್ಲಿ ಮುಖ್ಯ. ಎರಡು ವರ್ಷದ ಹೂಳು ಗಂಜಿಯ ಹಾಗಿರುತ್ತೆ. ಸಕ್ಕಿಂಗ್ ಮಷಿನ್ ಗಾಡಿ ಬಂದು ಪೈಪ್ ಬಿಟ್ಟರೆ ಎಳೆದುಕೊಳ್ಳುತ್ತೆ. ಹತ್ತು ಹದಿನೈದು ವರ್ಷ ಬಿಟ್ಟ ಹೂಳು ತಳದಲ್ಲಿ ಒತ್ತಿ ಒತ್ತಿ ಜೇಡಿಮಣ್ಣಿನ ಹಾಗೆ ಕೂತಿರುತ್ತೆ. ಜೊತೆಗೆ ನಾವು ಹಾಕಿದ ಪ್ಯಾಡು, ವೈಪ್ಸು, ಕವರು. ಗಾಡಿಯ ಪಂಪು ಎಳೆಯುವುದು ವಾತಾವರಣದ ಒತ್ತಡದ ಬಲದಿಂದ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವುದರಿಂದ ನೀರನ್ನೇ ಹೀರಿ ಎತ್ತಲು ಇಲ್ಲಿ ಇರುವ ಮಿತಿ 9 ಮೀಟರ್ ಚಿಲ್ಲರೆ, ಅದೂ ಪುಸ್ತಕದಲ್ಲಿ. ಗಟ್ಟಿ ಹೂಳಿಗೆ ಇನ್ನೂ ಕಡಿಮೆ. ಗಾಡಿ ಮೇಲಿನ ನೀರನ್ನು ಎಳೆದುಕೊಂಡು ನಿಲ್ಲುತ್ತೆ. ಆಗ ಓನರ್ ಹೇಳುವ ಮಾತು: "ಸ್ವಲ್ಪ ಒಳಗಿಳಿದು ಕೆದಕಿಕೊಡಪ್ಪ, ಎಕ್ಸ್‌ಟ್ರಾ ಕೊಡ್ತೀನಿ."

ಕೆದಕಿದಾಗಲೇ ಅಪಾಯ. ಹೂಳಿನಲ್ಲಿ ಸಿಕ್ಕಿಕೊಂಡಿದ್ದ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಹೊರಬರುತ್ತೆ. ಅದು ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂರುತ್ತೆ. ಕೊಳೆತ ಮೊಟ್ಟೆಯ ವಾಸನೆ 1 ಪಿಪಿಎಂಗಿಂತ ಕಡಿಮೆ ಇದ್ದಾಗಲೇ ಮೂಗಿಗೆ ಬಡಿಯುತ್ತೆ. ಆದರೆ 100 ಪಿಪಿಎಂ ಆಸುಪಾಸಿನಲ್ಲಿ ಮೂಗು ಸತ್ತುಹೋಗುತ್ತೆ, ವಾಸನೆ ಗೊತ್ತಾಗಲ್ಲ. 500 ದಾಟಿದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತೆ. 1,000 ಮುಟ್ಟಿದರೆ ಒಂದೆರಡು ಉಸಿರು ಸಾಕು. "ವಾಸನೆ ಇಲ್ಲ, ಇಳೀಬಹುದು" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಮೇಲಿನಿಂದ ನೋಡುತ್ತಿದ್ದವನು ಬಿದ್ದವನನ್ನು ಎತ್ತಲು ಇಳಿಯುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ. ಈ ಸಾವುಗಳು ಎಷ್ಟೋ ಸಲ ಎರಡು ಮೂರರ ಲೆಕ್ಕದಲ್ಲಿ ಬರುವುದು ಅದಕ್ಕೇ. 2017ರ ಮಾರ್ಚ್‌ನಲ್ಲಿ ಕಗ್ಗದಾಸಪುರದ ಮ್ಯಾನ್‌ಹೋಲ್‌ನಲ್ಲಿ ಮೂವರು ಸತ್ತರು. 2018ರ ಜನವರಿಯಲ್ಲಿ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಎಸ್‌ಟಿಪಿಯಲ್ಲಿ ಮತ್ತೆ ಮೂವರು.

ಯುಜಿಡಿ ಇದೆ, ನಮಗೇನು ಅನ್ನುವ ಬಿನ್ನಿಪೇಟೆಯ ಗೆಳೆಯರಿಗೂ ಇಲ್ಲೇ ಉತ್ತರ ಇದೆ. ಮಿಲ್ ಇದ್ದ ಜಾಗದಲ್ಲಿ ಈಗ ಬಹುಮಹಡಿ ಅಪಾರ್ಟ್‌ಮೆಂಟ್‌ಗಳು ನಿಂತಿವೆ. ಅಷ್ಟು ದೊಡ್ಡ ಸಮುಚ್ಚಯಗಳಿಗೆ ಸ್ವಂತ ಎಸ್‌ಟಿಪಿ ಬೇಕು ಅನ್ನುವುದು ನಿಯಮ. ಎಸ್‌ಟಿಪಿ ಟ್ಯಾಂಕಿನ ತಳದಲ್ಲಿ ಹುಟ್ಟುವುದೂ ಅದೇ ಅನಿಲ.

ಕಾನೂನು ಇಲ್ಲವಾ? ಇದೆ, ಬೇಕಾದಷ್ಟು ಸ್ಪಷ್ಟವಾಗಿದೆ. ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕ ನಿಷೇಧ ಮತ್ತು ಪುನರ್ವಸತಿ ಕಾಯ್ದೆ 2013ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಚರಂಡಿಯನ್ನಾಗಲಿ ಸೆಪ್ಟಿಕ್ ಟ್ಯಾಂಕನ್ನಾಗಲಿ ಅಪಾಯಕಾರಿಯಾಗಿ ಶುಚಿಮಾಡಲು ಯಾರನ್ನೂ ನೇರವಾಗಿಯೋ ಬೇರೆಯವರ ಮೂಲಕವೋ ನೇಮಿಸುವ ಹಾಗಿಲ್ಲ. ಪಾಲಿಕೆ, ಕಂಟ್ರಾಕ್ಟರ್ ಮಾತ್ರ ಅಲ್ಲ, ಮನೆ ಓನರ್ ಕೂಡ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಚರಂಡಿ ಸಾವಿಗೆ 10 ಲಕ್ಷ ಪರಿಹಾರ ಅಂತ 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್ 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಚರಂಡಿಗೆ ಇಳಿಸುವುದು ನಿಲ್ಲಬೇಕು ಅಂತ ಆದೇಶಿಸಿತು.

ಇಳಿಯುವವರು ಯಾರು ಅನ್ನುವುದನ್ನೂ ಮುಚ್ಚಿಟ್ಟು ಮಾತಾಡೋಕಾಗಲ್ಲ. ಈ ಕೆಲಸವನ್ನು ನಮ್ಮ ಸಮಾಜ ಕೆಲವೇ ಜಾತಿಗಳ ತಲೆ ಮೇಲೆ ಹೊರಿಸಿದೆ, ಅಕ್ಷರಶಃ. ತಲೆ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ನಿಷೇಧಿಸಿದರು. ಅದಾಗಿ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಬುಟ್ಟಿ ಹೋಯಿತು, ಗುಂಡಿ ಬಂತು. ಕೆಲಸ ಮಾಡುವ ಕೈಗಳು ಬದಲಾದದ್ದು ಕಡಿಮೆ.

ಇಂಜಿನಿಯರಿಂಗ್ ಓದುವವರಿಗೆ ಇಂಥ ಕಡೆ ತಕ್ಷಣ ಹೊಳೆಯುವುದು ಮಷಿನ್. ಅದು ತಪ್ಪಲ್ಲ. 2015ರಲ್ಲಿ ಕೋಯಿಕ್ಕೋಡ್‌ನ ಮ್ಯಾನ್‌ಹೋಲ್‌ನಲ್ಲಿ ಇಬ್ಬರು ಕಾರ್ಮಿಕರು, ಅವರನ್ನು ಉಳಿಸಲು ಇಳಿದ ಆಟೊ ಚಾಲಕ, ಮೂವರೂ ಸತ್ತರು. ಆ ಸುದ್ದಿಯಿಂದ ಕಲಕಿದ ಕುಟ್ಟಿಪ್ಪುರಂನ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಮುಂದೆ ಜೆನ್‌ರೋಬೊಟಿಕ್ಸ್ ಕಟ್ಟಿ 'ಬ್ಯಾಂಡಿಕೂಟ್' ರೋಬೊ ಮಾಡಿದರು. ನಮ್ಮ ವಯಸ್ಸಿನವರು ಮಾಡಿದ ಕೆಲಸ ಅದು, ಹೆಮ್ಮೆ ಪಡಬೇಕು. ಆದರೆ ಅದು ಮ್ಯಾನ್‌ಹೋಲ್‌ಗೆ ಮಾಡಿದ ಯಂತ್ರ. ಮುಚ್ಚಳವೇ ಇಲ್ಲದ, ಟೈಲ್ಸ್ ಕೆಳಗೆ ಹೂತುಹೋದ ಮನೆ ಗುಂಡಿಗೆ ಯಾವ ರೋಬೊ ಇಳಿಯುತ್ತೆ? ಮನೆಗಳ ಮಟ್ಟಿಗೆ ಜೀವ ಉಳಿಸುವ ತಂತ್ರಜ್ಞಾನ ಎರಡೇ: ತೆರೆಯಬಹುದಾದ ಮುಚ್ಚಳ, ತಪ್ಪದ ತಾರೀಖು. ಹೊತ್ತಿಗೆ ಸರಿಯಾಗಿ ತೆಗೆದ ಹೂಳನ್ನು ಪೈಪೇ ಎಳೆಯುತ್ತೆ, ಯಾರೂ ಇಳಿಯಬೇಕಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನಮಗೂ ಗೊತ್ತು. ಮೊದಲನೆಯದು ದುಡ್ಡು. ಒಂದು ಲೋಡ್‌ಗೆ 3,000 ರೂಪಾಯಿ ಅಂತಲೇ ಇಟ್ಟುಕೊಳ್ಳೋಣ. 30 ಜನರ ಪಿಜಿಯಲ್ಲಿ ತಲೆಗೆ 100 ರೂಪಾಯಿ. ಒಂದು ಬಿರಿಯಾನಿಗೂ ಸಾಲದ ದುಡ್ಡು. ಎರಡನೆಯದು, "ಇನ್ನೇನು ಯುಜಿಡಿ ಬರುತ್ತೆ, ಸುಮ್ನೆ ಯಾಕೆ ಖರ್ಚು?" ಬರಲಿ, ಬಂದ ದಿನ ಕನೆಕ್ಷನ್ ತಗೊಂಡು, ಹಳೆ ಗುಂಡಿ ಖಾಲಿ ಮಾಡಿಸಿ ಮಣ್ಣು ತುಂಬಿಸಲಿ. ಅಲ್ಲಿಯವರೆಗೆ ಗುಂಡಿ ತುಂಬುವುದು ನಿಲ್ಲಲ್ಲ. ಮೂರನೆಯದು ನಿಜಕ್ಕೂ ಗಟ್ಟಿ ಪ್ರಶ್ನೆ: ಗಾಡಿ ತುಂಬಿಕೊಂಡು ಹೋಗಿದ್ದನ್ನು ಎಲ್ಲಿ ಸುರಿಯುತ್ತಾರೆ? ರಾತ್ರಿ ಹೊತ್ತು ರಾಜಕಾಲುವೆಗೆ ಬಿಟ್ಟರೆ ಅದು ವೃಷಭಾವತಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ ಹೋಗುತ್ತೆ. ಹಸಿಹಸಿಯಾಗಿ ತೋಟಕ್ಕೆ ಹಾಕಿದರೆ ಜಂತುಹುಳದ ಮೊಟ್ಟೆಗಳೂ ಜೊತೆಗೆ ಹೋಗುತ್ತವೆ. ಸರಿಯಾದ ದಾರಿ ನಮ್ಮ ಪಕ್ಕದಲ್ಲೇ ಇದೆ. ದೇವನಹಳ್ಳಿಯಲ್ಲಿ 2015ರಿಂದ ಮಲದ ಹೂಳನ್ನೇ ಸಂಸ್ಕರಿಸುವ ಘಟಕ ಇದೆ, ದಿನಕ್ಕೆ 6,000 ಲೀಟರ್ ಸಾಮರ್ಥ್ಯದ್ದು. ಹೂಳನ್ನು ಒಣಗಿಸಿ, ಊರ ಹಸಿಕಸದ ಜೊತೆ ಕೊಳೆಸಿ ಗೊಬ್ಬರ ಮಾಡುತ್ತಾರೆ. ಒಂದು ಪುಟ್ಟ ಪಟ್ಟಣ ಮಾಡಿದ್ದನ್ನು ಈ ಮಹಾನಗರದ ಹೊರವಲಯ ಮಾಡಲಾರದೆ? ಗಾಡಿ ಎಲ್ಲಿ ಸುರಿಯಿತು ಅನ್ನುವುದಕ್ಕೆ ರಸೀದಿ ಕೇಳುವ ಗಿರಾಕಿಗಳು ಹೆಚ್ಚಾಗದೆ ಅಂಥ ಘಟಕಕ್ಕೆ ಒತ್ತಡವೂ ಬರಲ್ಲ.

ಹಾಗಾದರೆ ನಾವು ಏನು ಮಾಡಬಹುದು?

ಬಾಡಿಗೆಗೆ ಇರುವವರು ಓನರ್ ಅಂಕಲ್ಲನ್ನೋ ಆಂಟಿಯನ್ನೋ ಮೂರು ಪ್ರಶ್ನೆ ಕೇಳಬಹುದು. ಯುಜಿಡಿ ಇದೆಯಾ, ಗುಂಡಿನಾ? ಗುಂಡಿಯಾದರೆ ಮುಚ್ಚಳ ಎಲ್ಲಿದೆ? ಹೋದ ಸಲ ಖಾಲಿ ಮಾಡಿಸಿದ್ದು ಯಾವಾಗ? ಜಗಳ ಬೇಡ, ಕೇಳಿದರೆ ಸಾಕು. ಪ್ಯಾಡು, ವೈಪ್ಸು, ಅಡುಗೆ ಎಣ್ಣೆ ಕಮೋಡಿಗೆ ಹಾಕಬೇಡಿ. ಆ್ಯಸಿಡ್, ಬ್ಲೀಚಿಂಗ್ ಪೌಡರ್ ಸುರಿದರೆ ಹೂಳು ತಿನ್ನುವ ಬ್ಯಾಕ್ಟೀರಿಯಾನೇ ಸಾಯುತ್ತವೆ. ಯಾರನ್ನಾದರೂ ಗುಂಡಿಗೆ ಇಳಿಸುತ್ತಿರುವುದು ಕಂಡರೆ ಅಲ್ಲೇ ನಿಲ್ಲಿಸಿ. ಒಳಗೆ ಯಾರಾದರೂ ಬಿದ್ದಿದ್ದರೆ 112ಕ್ಕೆ ಕರೆ ಮಾಡಿ, ನೀವು ಮಾತ್ರ ಇಳಿಯಬೇಡಿ.

ಸಿವಿಲ್ ಬ್ರಾಂಚಿನ ಗೆಳೆಯರೇ, ಇನ್ನು ಮೂರ್ನಾಲ್ಕು ವರ್ಷದಲ್ಲಿ ಮನೆ ಪ್ಲಾನ್ ಬರೆಯುವವರು ನೀವು. ಟ್ಯಾಂಕಿನ ಪ್ರತಿ ಕೋಣೆಗೂ ಮೇಲಿನಿಂದ ತೆಗೆಯುವ ಮುಚ್ಚಳ ಇಡಿ. ಗಾಡಿ ನಿಲ್ಲುವ ಜಾಗದಿಂದ ಪೈಪ್ ತಲುಪುವಷ್ಟು ಹತ್ತಿರ ಇಡಿ. ಮೇಲೆ ಗ್ರಾನೈಟ್ ಹಾಸಲು ಓನರ್ ಕೇಳಿದರೆ ಬೇಡ ಅನ್ನಿ. ಎಷ್ಟು ಜನಕ್ಕೆ ಕಟ್ಟಿದ್ದು ಅಂತ ಗೋಡೆ ಮೇಲೆ ಬರೆಸಿ. ಲಿಫ್ಟಿನಲ್ಲಿ ಎಷ್ಟು ಜನ ಹತ್ತಬಹುದು ಅಂತ ಬರೆಯುವ ನಾವು ಟ್ಯಾಂಕಿಗೆ ಯಾಕೆ ಬರೆಯಬಾರದು?

ನಮ್ಮ ಹಾಸ್ಟೆಲ್ ಆಫೀಸಿಗೂ ಒಂದು ಕೋರಿಕೆ. ಕ್ಯಾಂಪಸ್ಸಿನ ಟ್ಯಾಂಕ್, ಎಸ್‌ಟಿಪಿಗಳನ್ನು ಹೋದ ಸಲ ಯಾವಾಗ, ಯಾವ ಯಂತ್ರದಿಂದ ಶುಚಿ ಮಾಡಿಸಿದ್ದು, ಹೂಳು ಎಲ್ಲಿಗೆ ಹೋಯಿತು ಅನ್ನುವುದನ್ನು ಮೆಸ್ ಮೆನು ಪಕ್ಕದಲ್ಲೇ ನೋಟಿಸ್ ಬೋರ್ಡಿಗೆ ಹಾಕಲಿ.

ಕನ್ನಡ ಸಂಘದಿಂದ ನಾವು ಒಂದು ಪಟ್ಟಿ ಶುರು ಮಾಡುತ್ತಿದ್ದೇವೆ. ಪಿಜಿಯ ಹೆಸರು, ಓನರ್ ಹೆಸರು ಬೇಡ. ಬಡಾವಣೆ ಯಾವುದು, ಎಷ್ಟು ಜನ ಇದ್ದೀರಿ, ಯುಜಿಡಿನಾ ಗುಂಡಿನಾ, ಮುಚ್ಚಳ ಸಿಕ್ಕಿತಾ, ಕೊನೆಯ ಬಾರಿ ಖಾಲಿ ಮಾಡಿಸಿದ ವರ್ಷ ಯಾವುದು ಅಂತ ಬರೆದು ಕಳಿಸಿ. "ಗೊತ್ತಿಲ್ಲ" ಅಂತ ಓನರ್ ಹೇಳಿದರೆ ಅದನ್ನೂ ಹಾಗೇ ಬರೆಯಿರಿ. ಸೆಮ್ ಮುಗಿಯುವುದರೊಳಗೆ ಬಡಾವಣೆವಾರು ಲೆಕ್ಕ ಇದೇ ಪುಟದಲ್ಲಿ ಹಾಕುತ್ತೇವೆ.