ಸುಳಿವು ಕೊಡದ ಒಗಟು

ಅತ್ತಿಬೆಲೆ ಗಡಿ ದಾಟಿ ಬೆಂಗಳೂರಿಗೆ ಹೋದಾಗಲೆಲ್ಲ ಮಗಳಿಗೆ ಒಂದು ಪುಸ್ತಕ ತರುವುದು ಹೊಸೂರಿನ ನಮ್ಮ ಮನೆಯ ರೂಢಿ. ಅವಳಿಗೀಗ ಒಂಬತ್ತನೇ ತರಗತಿ. ಕಳೆದ ಬಾರಿ ಅವಳೇ ಚೀಟಿಯಲ್ಲಿ ಹೆಸರು ಬರೆದುಕೊಟ್ಟಿದ್ದಳು: ಜೆನಿಫರ್ ಲಿನ್ ಬಾರ್ನ್ಸ್ ಬರೆದ ‘ದಿ ಗ್ರ್ಯಾಂಡೆಸ್ಟ್ ಗೇಮ್’. ಎರಡೇ ದಿನದಲ್ಲಿ ಓದಿ ಮುಗಿಸಿದಳು. ಆದರೆ ಮುಖದಲ್ಲಿ ಖುಷಿಯಿರಲಿಲ್ಲ. “ಉಮ್ಮಾ, ಅದರಲ್ಲಿರುವ ಒಂದು ಒಗಟನ್ನೂ ಬಿಡಿಸಲು ನನ್ನಿಂದ ಆಗಲಿಲ್ಲ. ನನ್ನ ತಲೆ ಅಷ್ಟು ಓಡುವುದಿಲ್ಲ ಅನ್ನಿಸುತ್ತೆ” ಅಂದಳು. ಆ ಮಾತು ನನ್ನನ್ನು ಚುಚ್ಚಿತು. ನಾನೂ ಪುಸ್ತಕ ಹಿಡಿದು ಕೂತೆ. ತಪ್ಪು ಅವಳ ತಲೆಯದ್ದಲ್ಲ ಎಂದು ಹೇಳುವುದಕ್ಕೇ ಈ ಬರಹ.

2024ರಲ್ಲಿ ಬಂದ ಈ ಕಾದಂಬರಿ ಹದಿಹರೆಯದವರಿಗಾಗಿ ಬರೆದದ್ದು. ಇದೇ ಲೇಖಕಿಯ 2020ರ ‘ದಿ ಇನ್‌ಹೆರಿಟೆನ್ಸ್ ಗೇಮ್ಸ್’ನಲ್ಲಿ ಏವರಿ ಎಂಬ ಹುಡುಗಿಗೆ ಗುರುತೇ ಇಲ್ಲದ ಶ್ರೀಮಂತನೊಬ್ಬನ ಆಸ್ತಿ ಸಿಗುತ್ತದೆ. ಇಲ್ಲಿ ಅವಳು ಒಗಟಿನ ಸ್ಪರ್ಧೆ ನಡೆಸುತ್ತಾಳೆ. ಏಳು ಟಿಕೆಟ್, ಒಂದು ಖಾಸಗಿ ದ್ವೀಪ, ಗೆದ್ದವರಿಗೆ ಕೋಟಿಗಟ್ಟಲೆ ಹಣ. ಸ್ಪರ್ಧಿಗಳನ್ನು ತಂಡಗಳಾಗಿ ಕೋಣೆಗಳಲ್ಲಿ ಕೂಡಿಹಾಕುತ್ತಾರೆ. ಒಗಟು ಬಿಡಿಸುತ್ತಾ ಬೆಳಗಾಗುವುದರೊಳಗೆ ಹೊರಬರಬೇಕು. ಕೇಳಲು ಚೆನ್ನಾಗಿಯೇ ಇದೆ. ಅಧ್ಯಾಯಗಳು ಚಿಕ್ಕವು, ಓದು ಸರಸರ ಸಾಗುತ್ತದೆ, ಗಿಗಿ ಎಂಬ ಹುಡುಗಿಯ ಮಾತು ನಗು ತರಿಸುತ್ತದೆ. ಇದನ್ನು ಒಪ್ಪಿಕೊಳ್ಳದಿದ್ದರೆ ಅನ್ಯಾಯವಾದೀತು.

ನನ್ನ ತಕರಾರು ಒಗಟುಗಳ ಬಗ್ಗೆ. ನನಗೆ ಕಂಡಂತೆ ಅವುಗಳಲ್ಲಿ ಹೆಚ್ಚಿನವು ಆ ಕೋಣೆಯ ವಸ್ತುಗಳಿಗೆ ಅಂಟಿಕೊಂಡಿವೆ. ಪಾತ್ರ ಏನನ್ನೋ ಮುಟ್ಟುತ್ತದೆ, ತಿರುಗಿಸುತ್ತದೆ, ಥಟ್ಟನೆ ಉತ್ತರ ಹೊಳೆಯುತ್ತದೆ. ಓದುವವರಿಗೆ ಯೋಚಿಸಲು ಜಾಗವೇ ಇಲ್ಲ. ಬೇರೆಯವರು ಆಡುವ ಆಟವನ್ನು ಬೇಲಿಯಾಚೆ ನಿಂತು ನೋಡಿದ ಹಾಗೆ.

ನನ್ನ ಉಮ್ಮ ಶಾಲೆಗೆ ಹೋದವರಲ್ಲ. ರಾತ್ರಿ ಊಟವಾದ ಮೇಲೆ ನಮ್ಮನ್ನು ಕೂರಿಸಿಕೊಂಡು ಒಗಟು ಕೇಳುತ್ತಿದ್ದರು. ತೆಂಗಿನಕಾಯಿಯ ಒಗಟನ್ನೇ ನೋಡಿ. ಕಣ್ಣು, ಜುಟ್ಟು, ಹೊಟ್ಟೆಯೊಳಗಿನ ನೀರು ಎಲ್ಲವನ್ನೂ ಮೊದಲೇ ಹೇಳಿಬಿಡುತ್ತಾರೆ. ಬಚ್ಚಿಡುವುದು ಹೆಸರನ್ನು ಮಾತ್ರ. ಉತ್ತರ ಕೇಳಿದಾಗ “ಅಯ್ಯೋ, ಹೌದಲ್ಲ!” ಅನ್ನಿಸಬೇಕು. ಸೋತವರಿಗೂ ಅದರಲ್ಲಿ ಸುಖವಿದೆ.

ಪತ್ತೇದಾರಿ ಕಥೆಗೂ ಇದೇ ನ್ಯಾಯ. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗರಿಗೂ ಕೂಡಲೇ ತೋರಿಸಬೇಕು ಎಂದು ಇಂಗ್ಲೆಂಡಿನ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲೇ ನಿಯಮ ಬರೆದಿದ್ದರು. ತಮಾಷೆಯೆಂದರೆ, ಈ ಕಾದಂಬರಿಯ ಒಬ್ಬ ಸ್ಪರ್ಧಿಯ ಹೆಸರೂ ನಾಕ್ಸ್.

ಮಕ್ಕಳಿಗಾಗಿ ಬರೆಯುವಾಗ ಇದು ಆಗದ ಕೆಲಸವೇನಲ್ಲ. ಎಲೆನ್ ರಾಸ್ಕಿನ್ 1978ರಲ್ಲಿ ಬರೆದ ‘ದಿ ವೆಸ್ಟಿಂಗ್ ಗೇಮ್’ನಲ್ಲೂ ಶ್ರೀಮಂತನ ಆಸ್ತಿಗಾಗಿ ಆಟವಿದೆ. ಹದಿನಾರು ವಾರಸುದಾರರು, ಎಂಟು ಜೋಡಿ. ಪ್ರತಿ ಜೋಡಿಗೂ ಕೆಲವು ಪದಗಳ ಚೀಟಿ. ಆ ಪದಗಳು ನಮ್ಮ ಕಣ್ಣ ಮುಂದೆಯೂ ಇವೆ. ಪೆನ್ಸಿಲ್ ಹಿಡಿದು ನಾವೂ ಜೋಡಿಸಬಹುದು. ಮರುವರ್ಷ ಆ ಪುಸ್ತಕಕ್ಕೆ ನ್ಯೂಬರಿ ಪದಕ ಸಿಕ್ಕಿತು.

ಇನ್ನೊಂದು ಬೇಸರ ಕೊನೆಯದ್ದು. ‘ಗ್ರ್ಯಾಂಡೆಸ್ಟ್ ಗೇಮ್’ ಮುಗಿದಾಗ ಗೆದ್ದವರು ಯಾರೆಂದೇ ಗೊತ್ತಾಗುವುದಿಲ್ಲ. ಅದಕ್ಕೆ 2025ರ ‘ಗ್ಲೋರಿಯಸ್ ರೈವಲ್ಸ್’ ಕೊಳ್ಳಬೇಕು. ಸರಣಿ ಬರೆಯುವುದು ತಪ್ಪಲ್ಲ. ಆದರೆ ಒಂದು ಪುಸ್ತಕದ ದುಡ್ಡು ಕೊಟ್ಟ ಮಗುವಿಗೆ ಒಂದು ಪುಸ್ತಕದ ಉತ್ತರವಾದರೂ ಸಿಗಬೇಡವೇ?

ಮಗಳನ್ನು ಸಮಾಧಾನಪಡಿಸಲು ನಾನೇ ಒಂದು ಒಗಟು ಒಡ್ಡಿದೆ. ನಮ್ಮೂರ ಬಸ್ ಸ್ಟ್ಯಾಂಡಿನ ತಮಿಳು ಬೋರ್ಡಿನಲ್ಲಿ ‘ಓಸೂರ್’ ಎಂದಿರುತ್ತದೆ. ನಾವು ಹೇಳುವುದು ಹೊಸೂರು, ಹೊಸ ಊರು. ಈ ‘ಹ’ ಎಲ್ಲಿಗೆ ಹೋಯಿತು? “ಅದು ಸುಲಭ, ತಮಿಳಿನಲ್ಲಿ ‘ಹ’ಕ್ಕೆ ಸ್ವಂತ ಅಕ್ಷರವಿಲ್ಲ, ಎರವಲು ತಂದದ್ದು ಮಾತ್ರ” ಅಂದಳು. ಸರಿ, ಹಾಗಾದರೆ ಕನ್ನಡಕ್ಕೆ ಈ ‘ಹ’ ಬಂದದ್ದೆಲ್ಲಿಂದ? ಸುಳಿವು ಕೊಟ್ಟೆ: ಅಂಗಡಿಯಲ್ಲಿ ತಮಿಳಲ್ಲಿ ಕೇಳುವುದು ಪಾಲ್, ನಮ್ಮ ಬ್ಯಾರಿ ಮಾತಿನಲ್ಲೂ ಪಾಲ್, ಕನ್ನಡದಲ್ಲಿ ಹಾಲು. ತಮಿಳಿನ ಪೂ, ಕನ್ನಡದ ಹೂ. ಈಗ ಹೇಳು, ‘ಹೊಸ’ ಎಂಬ ಶಬ್ದ ಹಳಗನ್ನಡದಲ್ಲಿ ಹೇಗಿತ್ತು?

ಅರ್ಧ ನಿಮಿಷ ಸುಮ್ಮನಿದ್ದಳು. ಆಮೇಲೆ “ಪೊಸ!” ಎಂದು ಕೂಗಿದಳು. ಉತ್ತರ ಸರಿಯಾಗಿತ್ತು. ಹಳಗನ್ನಡವನ್ನು ಅವಳು ಒಂದು ಸಾಲೂ ಓದಿದವಳಲ್ಲ.

ಹೊಸೂರು, ಕೃಷ್ಣಗಿರಿ ಕಡೆಯ ಮಕ್ಕಳು ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯಾಡುತ್ತಾ ಬೆಳೆಯುತ್ತಾರೆ. ಒಗಟು ಬಿಡಿಸುವುದು ಅವರಿಗೆ ದಿನನಿತ್ಯದ ಕೆಲಸ. ಪುಸ್ತಕವೊಂದು ಅವರನ್ನು ಆಟದಿಂದ ಹೊರಗಿಟ್ಟರೆ ಅದು ಪುಸ್ತಕದ ಸೋಲು. ಈ ಮಾತನ್ನು ಮಕ್ಕಳಿಗೆ ಹೇಳಬೇಕಾದವರು ನಾವೇ. ಹೇಳದಿದ್ದರೆ ಅವರು ಆ ಸೋಲನ್ನು ತಮ್ಮ ತಲೆಯ ಮೇಲೇ ಹೊತ್ತುಕೊಳ್ಳುತ್ತಾರೆ.