ಕುಂಟುವ ಸಂಪರ್ಕ: ದೋಷವೆಲ್ಲಿ, ಹೊಣೆ ಯಾರದು?

1995ನೆಯ ಇಸವಿ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ತೆರೆದಾಗ ಅದು ಕೆಲವು ಮಹಾನಗರಗಳಲ್ಲಿ ಕೆಲವೇ ಉಳ್ಳವರ ಸೊತ್ತಾಗಿತ್ತು. ಇಂದು ಅದು ನೀರು, ದೀಪಗಳ ಸಾಲಿಗೆ ಸೇರಿದೆ. ಮುಂಬಯಿಯ ಒಂದೇ ಕೋಣೆಯಲ್ಲಿ ವಾಸಿಸುವ ಹೊಟೇಲ್ ಕಾರ್ಮಿಕರು ಹಣ ಕೂಡಿಸಿ ಒಂದು ಸಂಪರ್ಕವನ್ನು ಪಡೆಯುತ್ತಾರೆ. ಪುಣೆ, ಹೈದರಾಬಾದುಗಳ ಗುಮಾಸ್ತರು ಕಚೇರಿಯ ಲೆಕ್ಕಪತ್ರಗಳನ್ನು ಮನೆಯಲ್ಲಿ ಕುಳಿತೇ ಮುಗಿಸುತ್ತಾರೆ. ಊರಿನಲ್ಲಿರುವ ತಾಯಿಯ ಮುಖ ಕಾಣುವುದೂ, ಮನೆಗೆ ಹಣ ಕಳುಹಿಸುವುದೂ ಅದರ ಮೂಲಕವೇ. ಇಂಥ ಸೇವೆಯು ಗಳಿಗೆಗೊಮ್ಮೆ ಕಡಿದು ಮತ್ತೆ ಕೂಡುತ್ತಿದ್ದರೆ ಆಗುವ ನಷ್ಟ ಅಲ್ಪವಲ್ಲ.

ಪೂರ್ತಿ ಸತ್ತ ಸಂಪರ್ಕಕ್ಕೆ ಹೇಗಾದರೂ ಉಪಾಯವುಂಟು. ದೂರು ಕೊಟ್ಟರೆ ಕೆಲಸಗಾರ ಬರುತ್ತಾನೆ, ತಂತಿಯನ್ನು ಸರಿಪಡಿಸುತ್ತಾನೆ. ಕುಂಟುವ ಸಂಪರ್ಕದ ಗತಿಯೇ ಬೇರೆ. ರಾತ್ರಿ ಒಂಬತ್ತಕ್ಕೆ ಹತ್ತು ಸಲ ಕಡಿದದ್ದು ಬೆಳಿಗ್ಗೆ ಹನ್ನೊಂದಕ್ಕೆ ಕೆಲಸಗಾರ ಬಂದಾಗ ಸುಸೂತ್ರವಾಗಿ ನಡೆಯುತ್ತಿರುತ್ತದೆ. ‘ದೋಷವಿಲ್ಲ’ ಎಂದು ಬರೆದು ಅವನು ಹೊರಡುತ್ತಾನೆ, ದೂರು ಮುಗಿದಂತಾಯಿತು. ಹೀಗೆ ಎರಡು ಮೂರು ಬಾರಿ ಆದ ಮೇಲೆ ಗ್ರಾಹಕನಿಗೆ ದೊರೆಯುವ ಸಲಹೆಯೆಂದರೆ ಹೆಚ್ಚು ವೇಗದ, ಹೆಚ್ಚು ಬೆಲೆಯ ಯೋಜನೆಗೆ ಬದಲಾಗಬೇಕೆಂಬುದು. ತೂತು ಬಿದ್ದ ಕೊಡ ತುಂಬುವುದಿಲ್ಲವೆಂದು ದೊಡ್ಡ ನಲ್ಲಿ ಹಾಕಿಸಿದಂತೆ ಇದು. ಮುಖ ನೋಡಿ ಮಾತನಾಡುವ ಒಂದು ಕರೆಗೆ ಕೆಲವೇ ಮೆಗಾಬಿಟ್ ವೇಗ ಸಾಕು. ನೂರರ ಯೋಜನೆಯಲ್ಲಿ ಅದು ಕಡಿದುಹೋಗುತ್ತಿದ್ದರೆ ಇನ್ನೂರರ ಯೋಜನೆಯಲ್ಲಿಯೂ ಕಡಿಯುವ ಸಂಭವವೇ ಹೆಚ್ಚು. ಆದುದರಿಂದ ಹಣ ತೆರುವ ಮೊದಲು ದೋಷದ ಸ್ಥಾನವನ್ನು ಹುಡುಕುವುದು ವಿವೇಕ.

ದೋಷವು ನಾಲ್ಕು ಸ್ಥಾನಗಳಲ್ಲಿ ಇರಬಹುದು: ನಮ್ಮ ಕೈಯಲ್ಲಿರುವ ಫೋನು, ಫೋನಿಗೂ ರೂಟರಿಗೂ ನಡುವಣ ವೈಫೈ, ರೂಟರ್ ಮತ್ತು ಅದರ ವಿದ್ಯುತ್ತು, ಕೊನೆಯದಾಗಿ ಗೋಡೆಯಿಂದಾಚೆಗಿನ ಕಂಪನಿಯ ದಾರಿ. ಮೊದಲಿನ ಎರಡನ್ನು ನಾವೇ ಸರಿಪಡಿಸಿಕೊಳ್ಳಬಹುದು. ಮೂರನೆಯದರಲ್ಲಿ ಉಭಯರಿಗೂ ಪಾಲಿದೆ. ನಾಲ್ಕನೆಯದು ಸಂಪೂರ್ಣವಾಗಿ ಕಂಪನಿಯ ಹೊಣೆ.

ಪರೀಕ್ಷೆ ಕಷ್ಟದ್ದಲ್ಲ. ಸಂಪರ್ಕ ಕಡಿದ ಹೊತ್ತಿನಲ್ಲಿಯೇ ಎರಡು ಫೋನುಗಳನ್ನು ರೂಟರಿನ ಹತ್ತಿರ ಹಿಡಿದು ನೋಡಬೇಕು. ಒಂದರಲ್ಲಿ ನಡೆದು ಇನ್ನೊಂದರಲ್ಲಿ ನಿಂತರೆ ದೋಷ ಆ ಫೋನಿನದು. ರೂಟರಿನ ಬಳಿ ಎರಡೂ ನಡೆದು, ಕೋಣೆಯ ಮೂಲೆಗೆ ಹೋದೊಡನೆ ನಿಂತರೆ ದೋಷ ವೈಫೈಯದು. ಕಂಪ್ಯೂಟರ್ ಇರುವವರು ಅದನ್ನು ತಂತಿಯಿಂದ ನೇರವಾಗಿ ರೂಟರಿಗೆ ಜೋಡಿಸಲಿ. ಅನಂತರ ‘ಪಿಂಗ್’ ಎಂಬ ಆಜ್ಞೆಯಿಂದ ಮೊದಲು ರೂಟರಿನ ವಿಳಾಸವನ್ನು, ಬಳಿಕ 8.8.8.8 ಎಂಬ ಹೊರಗಿನ ವಿಳಾಸವನ್ನು ಕೇಳಲಿ. ರೂಟರಿನ ವಿಳಾಸ ಹಲವು ಕಡೆ 192.168.1.1 ಆಗಿರುತ್ತದೆ, ಪೆಟ್ಟಿಗೆಯ ಬೆನ್ನಿನ ಮೇಲೂ ಅಚ್ಚಾಗಿರುತ್ತದೆ. ರೂಟರ್ ತಪ್ಪದೆ ಉತ್ತರಿಸಿ ಹೊರಗಿನದು ಮತ್ತೆ ಮತ್ತೆ ಮೌನವಾದರೆ, ದೋಷ ನಮ್ಮ ಕೋಣೆಯಲ್ಲಿಲ್ಲವೆಂದು ಬಹುಮಟ್ಟಿಗೆ ನಿಶ್ಚಯವಾಯಿತು.

ನಮ್ಮವರು ವಾಸಿಸುವ ಒತ್ತೊತ್ತಾದ ಕಟ್ಟಡಗಳಲ್ಲಿ ವೈಫೈಯ ದೋಷವೇ ಸಾಧಾರಣವಾದದ್ದು. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದ ಚಾನೆಲುಗಳು ಮೂರೇ ಮೂರು: 1, 6 ಮತ್ತು 11. ಒಂದು ಮಹಡಿಯಲ್ಲಿ ಇಪ್ಪತ್ತು ರೂಟರುಗಳಿದ್ದರೆ ಎಲ್ಲವೂ ಈ ಮೂರರಲ್ಲಿಯೇ ನುಗ್ಗಾಡಬೇಕು. ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತದೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸ್ಥಳ ಹೆಚ್ಚು, ವೇಗವೂ ಹೆಚ್ಚು. ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಒಂದೇ ಕೋಣೆಯಲ್ಲಿರುವವರಿಗೆ ಎರಡನೆಯದೇ ಉತ್ತಮ. ರೂಟರನ್ನು ಉಕ್ಕಿನ ಕಪಾಟಿನ ಹಿಂದೆ ಅಡಗಿಸದೆ ಎತ್ತರದಲ್ಲಿ, ಬಯಲಾಗಿ ಇಡುವುದರಿಂದಲೇ ಎಷ್ಟೋ ತೊಂದರೆ ತಪ್ಪುತ್ತದೆ.

ಮೂರನೆಯ ಸ್ಥಾನದಲ್ಲಿ ನೋಡಬೇಕಾದವು ಸಡಿಲವಾದ ಪ್ಲಗ್ಗು, ವಿಪರೀತ ಬಿಸಿಯಾಗುವ ಪೆಟ್ಟಿಗೆ ಮತ್ತು ಕರೆಂಟು. ಕರೆಂಟು ಕ್ಷಣಮಾತ್ರ ಹೋಗಿ ಬಂದರೂ ರೂಟರ್ ಮತ್ತೆ ಸಿದ್ಧವಾಗಲು ಕೆಲವು ನಿಮಿಷ ಬೇಕಾಗುತ್ತದೆ. ಅದಕ್ಕೆಂದೇ ಮಾರುವ ಸಣ್ಣ ಬ್ಯಾಟರಿ ಪೆಟ್ಟಿಗೆ ಇದಕ್ಕೆ ಪರಿಹಾರ.

ಇನ್ನು ಗೋಡೆಯಾಚೆಯ ಮಾತು. ಫೈಬರ್ ಎಂದರೆ ಬೆಳಕನ್ನು ಒಯ್ಯುವ ಗಾಜಿನ ಎಳೆ. ಅದನ್ನು ಬಿಗಿಯಾಗಿ ಮಡಿಸಿದರೆ ಬೆಳಕು ಸೋರಿಹೋಗುತ್ತದೆ. ಕೊಳೆಯಾದ ಕೂಡಿಕೆ, ಮಾಳಿಗೆಯಿಂದ ಮಾಳಿಗೆಗೆ ಎಳೆದು ಗಾಳಿಮಳೆಗೆ ಬಿಟ್ಟ ಕೇಬಲ್, ಇವೂ ಕಾರಣವಾಗುತ್ತವೆ. ಪೆಟ್ಟಿಗೆಯ ಮೇಲೆ ‘ಎಲ್‌ಒಎಸ್’ ಎಂಬಲ್ಲಿ ಕೆಂಪು ದೀಪ ಹೊತ್ತಿದರೆ ಬೆಳಕು ಮನೆಗೆ ತಲುಪುತ್ತಿಲ್ಲವೆಂದೇ ಅರ್ಥ. ದೀಪ ಸರಿಯಿದ್ದೂ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ಸಂಪರ್ಕ ಕುಂಟಿದರೆ ಕಾರಣ ದಟ್ಟಣೆ ಇರಬಹುದು. ಒಂದು ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಅಲ್ಲಿಂದ ಮುಂದಿನ ದಾರಿಯೂ ಹಲವರ ಪಾಲಿನದು. ಇದನ್ನು ಗ್ರಾಹಕ ಎಷ್ಟು ಸಲ ರೂಟರ್ ಆರಿಸಿ ಹಚ್ಚಿದರೂ ಸರಿಪಡಿಸಲಾರ.

ಪ್ರಕೃತ ಪ್ರಶ್ನೆಯ ತಿರುಳು ಇಲ್ಲಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2006ರಲ್ಲಿ ಬ್ರಾಡ್‌ಬ್ಯಾಂಡ್ ಸೇವೆಗೆ ಗುಣಮಟ್ಟದ ನಿಯಮಗಳನ್ನು ಮಾಡಿತು. ನೂರರಲ್ಲಿ 90 ದೋಷಗಳನ್ನು ಮರು ಕೆಲಸದ ದಿನದೊಳಗೆ ಸರಿಪಡಿಸಬೇಕೆಂದು ಅವು ವಿಧಿಸಿದ್ದವು. ಅವುಗಳ ಸ್ಥಾನದಲ್ಲಿ 2024ರ ಅಕ್ಟೋಬರ್ 1ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ಸರಕಾರವು 2023ರಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2 ಮೆಗಾಬಿಟ್ಟಿಗೆ ಏರಿಸಿತು. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಸಾವಿರಾರು ಮನೆಗಳು ಒಟ್ಟಾಗಿ ಉತ್ತೀರ್ಣವಾದಾಗ, ಪ್ರತಿದಿನವೂ ಕಡಿಯುವ ಒಂದು ಕೋಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತು ಸಲ ಮುಗಿದ ಒಂದೇ ದೋಷವು ಪುಸ್ತಕದಲ್ಲಿ ಹತ್ತು ಪರಿಹಾರಗಳಾಗಿ ತೋರೀತು. ಮರಳಿ ಮರಳಿ ಬರುವ ದೂರನ್ನು ಒಂದೇ ದೂರೆಂದು ಎಣಿಸಿ, ಅದು ನಿಲ್ಲುವವರೆಗೂ ಕಂಪನಿಯನ್ನು ಹೊಣೆ ಮಾಡುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ಗ್ರಾಹಕನ ಬಲವೆಂದರೆ ಅವನು ಬರೆದಿಟ್ಟ ಲೆಕ್ಕವೇ. ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಪೈಸೆ ಬಿಡದೆ ಬರೆಯುವ ನಮ್ಮ ಜನರಿಗೆ ಇದು ಹೊಸ ವಿದ್ಯೆಯಲ್ಲ. ಒಂದು ವಾರ ಕಾಲ ದಿನ, ಗಂಟೆ, ಎಷ್ಟು ನಿಮಿಷ ಕಡಿಯಿತು, ದೀಪದ ಬಣ್ಣವೇನು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸಾಧ್ಯವಾದರೆ ಚಿತ್ರ ತೆಗೆಯಬೇಕು. ದೂರು ಕೊಟ್ಟಾಗ ಡಾಕೆಟ್ ನಂಬ್ರವನ್ನು ಕೇಳಿ ಪಡೆಯಬೇಕು. ಉತ್ತರ ತೃಪ್ತಿಕರವಾಗದಿದ್ದರೆ, 2012ರ ನಿಯಮಗಳಂತೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ಇದಕ್ಕೆ ಶುಲ್ಕವಿಲ್ಲ. ನಿಯಂತ್ರಣ ಪ್ರಾಧಿಕಾರವು ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲವೆಂಬುದನ್ನು ಮರೆಯಬಾರದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬ್ರ 1915.

ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ನ್ಯಾಯಪೀಠಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ತಾನು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೇ ದೂರು ಸಲ್ಲಿಸುವ ಹಕ್ಕು ಗ್ರಾಹಕನಿಗಿದೆ. ವಕೀಲರು ಬೇಕೇಬೇಕೆಂದಿಲ್ಲ. ಕಂಪನಿಯ ಮುಖ್ಯ ಕಚೇರಿ ಎಲ್ಲಿಯೇ ಇರಲಿ, ಚೆಂಬೂರಿನ ಕಾರ್ಮಿಕನು ಅದನ್ನು ಅರಸಿಕೊಂಡು ದಿಲ್ಲಿಗೆ ಹೋಗಬೇಕಾಗಿಲ್ಲ. ಪರಸ್ಥಳದಲ್ಲಿ ದುಡಿಯುವವರಿಗೆ ಇದು ಸಾಮಾನ್ಯ ಸೌಕರ್ಯವಲ್ಲ.

ಕೋಣೆಯಲ್ಲಿ ನಾಲ್ವರು ಪಾಲುದಾರರಾಗಿದ್ದರೆ ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಮೇಲು. ದೂರು ಆ ಹೆಸರಿನಿಂದಲೇ ಹೋಗತಕ್ಕದ್ದು. ರಶೀದಿಗಳನ್ನು ಕಾದಿಡಬೇಕು. ದೋಷ ನಮ್ಮ ಕೋಣೆಯದಾದರೆ ಅದನ್ನು ಒಪ್ಪಿ ಸರಿಪಡಿಸಿಕೊಳ್ಳೋಣ. ಕಂಪನಿಯದಾದರೆ ಅವರ ತಪ್ಪಿಗೆ ನಾವು ದಂಡ ತೆರುವುದು ಬೇಡ. ತಿಂಗಳ ಸಂಬಳದಿಂದ ಉಳಿಸಿ ಕೊಟ್ಟ ಹಣಕ್ಕೆ ತಿಂಗಳಿಡೀ ಸೇವೆ ಕೇಳುವುದು ಹಠವಲ್ಲ, ವ್ಯವಹಾರ.